ರಕ್ತಭೇದಿಗೆ ತುತ್ತಾದ ನಾಯಿಮರಿ ಬದುಕೀತೆ?

ಎರಡು-ಮೂರು ತಿಂಗಳ ಮರಿ. ನಿನ್ನೆ ಸಂಜೆಯವರೆಗೂ ಮಕ್ಕಳ ಚಪ್ಪಲಿ ಕಚ್ಚಿಕೊಂಡು ಅಂಗಳದ ತುಂಬ ಓಡಾಡಿತ್ತು. ಇಂದು ಬೆಳಿಗ್ಗೆ ತಟ್ಟೆ ಇಟ್ಟರೆ ಮೂಸಿಯೂ ನೋಡಲಿಲ್ಲ. ಮಧ್ಯಾಹ್ನ ನೊರೆನೊರೆಯಾದ ವಾಂತಿ. ರಾತ್ರಿಯಾಗುವ ಹೊತ್ತಿಗೆ ಕೆಟ್ಟ ನಾತದ, ರಕ್ತ ಬೆರೆತ ಭೇದಿ. ದೊಡ್ಡಬಳ್ಳಾಪುರದ ನೇಕಾರರ ಮನೆಯಾಗಲಿ, ಹೊಸಕೋಟೆ ಕಡೆಯ ತೋಟದ ಮನೆಯಾಗಲಿ, ದೇವನಹಳ್ಳಿಯ ಹೊಸ ಬಡಾವಣೆಯ ಬಂಗಲೆಯಾಗಲಿ, ನಾಯಿ ಸಾಕಿದ ಅನೇಕರು ಈ ಸಂಕಟವನ್ನು ಕಂಡವರೇ.

ಇಂಥ ಹೊತ್ತಿನಲ್ಲಿ ಮನೆಯಲ್ಲಿ ನಾನಾ ಮಾತು ಹುಟ್ಟುತ್ತದೆ. ‘ಯಾರದೋ ದೃಷ್ಟಿ ತಾಗಿದೆ’ ಎನ್ನುತ್ತಾರೆ ಅಜ್ಜಿ. ‘ಯಾರೋ ವಿಷ ಹಾಕಿರಬೇಕು’ ಎನ್ನುತ್ತಾರೆ ಪಕ್ಕದ ಮನೆಯವರು. ‘ಏನೋ ತಿಂದಿದೆ, ನಾಳೆ ಸರಿಹೋಗುತ್ತದೆ’ ಎಂದು ಮನೆಯ ಯಜಮಾನರು ಮಲಗಲು ಹೋಗುತ್ತಾರೆ. ಈ ಮೂರರಲ್ಲಿ ಮರಿಗೆ ಹೆಚ್ಚು ಅಪಾಯ ತರುವುದು ಕೊನೆಯ ಮಾತೇ. ಲಸಿಕೆ ಹಾಕಿಸದ ಎಳೆಯ ಮರಿಯಲ್ಲಿ ಈ ಲಕ್ಷಣಗಳು ಒಟ್ಟಾಗಿ ಕಂಡರೆ ಮೊದಲು ಅನುಮಾನಿಸಬೇಕಾದ ರೋಗ ‘ಪಾರ್ವೊ’. ಚಿಕಿತ್ಸೆ ಸಿಗದಿದ್ದರೆ ಹತ್ತು ಮರಿಗಳಲ್ಲಿ ಒಂಬತ್ತರವರೆಗೂ ಸಾಯಬಹುದು. ಬೇಗನೆ ಸರಿಯಾದ ಚಿಕಿತ್ಸೆ ದೊರೆತರೆ ಹತ್ತರಲ್ಲಿ ಎಂಟೋ ಒಂಬತ್ತೋ ಬದುಕಿಕೊಳ್ಳುತ್ತವೆ. ಈ ಅಜಗಜಾಂತರಕ್ಕೆ ಕಾರಣವೇನು, ಮನೆಯವರು ಮಾಡಬೇಕಾದ್ದೇನು ಎಂಬುದನ್ನು ಈ ವಾರ ತಿಳಿಯೋಣ.

ರೋಗ ಬಂದ ಬಗೆ

ಪಾರ್ವೊ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಚಿಕ್ಕದು’ ಎಂದರ್ಥ. ವೈರಸ್‌ಗಳಲ್ಲೇ ಇದು ಬಹಳ ಪುಟ್ಟದು. ನಮ್ಮ ತಾತಂದಿರ ಕಾಲದ ನಾಯಿಗಳಿಗೆ ಈ ರೋಗ ಇರಲಿಲ್ಲ. 1970ರ ದಶಕದಲ್ಲಿ ಹುಟ್ಟಿಕೊಂಡ ಈ ವೈರಸ್ಸನ್ನು 1978ರಲ್ಲಿ ಗುರುತಿಸಲಾಯಿತು. ಎರಡೇ ವರ್ಷಗಳಲ್ಲಿ ಅದು ಜಗತ್ತನ್ನೆಲ್ಲ ಸುತ್ತಿತು. 1980ರ ದಶಕದ ಆರಂಭದಲ್ಲೇ ಭಾರತದಿಂದಲೂ ವರದಿಗಳು ಬಂದವು.

ಬೆಕ್ಕಿನ ಜಾತಿಯ ಪ್ರಾಣಿಗಳನ್ನು ಕಾಡುವ ಪ್ಯಾನ್‌ಲ್ಯುಕೋಪೇನಿಯ ಎಂಬ ರೋಗದ ವೈರಸ್ಸು ಇದರ ಹತ್ತಿರದ ಸಂಬಂಧಿ. 2023ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಏಳು ಚಿರತೆ ಮರಿಗಳು ಸತ್ತದ್ದು ಆ ರೋಗದಿಂದಲೇ. ವೈದ್ಯರು ಸದಾ ಹತ್ತಿರವಿದ್ದ ಕಡೆಯಲ್ಲೇ ಹೀಗಾಯಿತೆಂದರೆ ಈ ವಂಶದ ವೈರಸ್‌ಗಳು ಎಳೆಯ ಪ್ರಾಣಿಗಳಿಗೆ ಎಷ್ಟು ಮಾರಕ ಎಂಬುದನ್ನು ಊಹಿಸಬಹುದು.

ರೋಗ ತಗುಲಿದ ನಾಯಿಯ ಮಲದಲ್ಲಿ ಈ ವೈರಸ್ ಅಪಾರ ಸಂಖ್ಯೆಯಲ್ಲಿ ಹೊರಬೀಳುತ್ತದೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳು-ತೇವ ಇರುವಲ್ಲಿ ವರ್ಷದವರೆಗೂ ಉಳಿಯಬಲ್ಲದು. ಚಪ್ಪಲಿಯಲ್ಲಿ, ವಾಹನದ ಚಕ್ರದಲ್ಲಿ, ಮಕ್ಕಳ ಕೈಯಲ್ಲಿ ಮನೆಯೊಳಗೆ ಬರುತ್ತದೆ. ಆದ್ದರಿಂದ ‘ನಮ್ಮ ಮರಿ ಗೇಟು ದಾಟಿಲ್ಲ, ರೋಗ ಹೇಗೆ ಬಂತು?’ ಎಂದು ಅಚ್ಚರಿಪಡಬೇಕಾಗಿಲ್ಲ. ವೈರಸ್ ಒಳಹೊಕ್ಕ ಸುಮಾರು ಮೂರರಿಂದ ಏಳು ದಿನಗಳಲ್ಲಿ ರೋಗ ಕಾಣಿಸಿಕೊಳ್ಳುತ್ತದೆ.

ಕರುಳಿನ ಸಸಿಮಡಿ

ಸಣ್ಣ ಕರುಳಿನ ಒಳಮೈ ನುಣುಪಾಗಿರುವುದಿಲ್ಲ. ಅಲ್ಲಿ ಪೈರಿನ ತೆನೆಗಳಂತೆ ಲಕ್ಷಾಂತರ ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ. ಆಹಾರದ ಸಾರವನ್ನೂ ನೀರನ್ನೂ ಹೀರಿಕೊಳ್ಳುವುದು ಇವುಗಳ ಕೆಲಸ. ಈ ಎಳೆಗಳ ಮೇಲಿನ ಕೋಶಗಳು ಕೆಲವೇ ದಿನ ಬಾಳಿ ಉದುರುತ್ತವೆ. ಅವುಗಳ ಜಾಗಕ್ಕೆ ಹೊಸ ಕೋಶಗಳು ಬುಡದಲ್ಲಿರುವ ಕುಳಿಗಳಿಂದ ಬರುತ್ತವೆ. ಆ ಕುಳಿಗಳನ್ನು ಕರುಳಿನ ಸಸಿಮಡಿ ಎನ್ನಬಹುದು.

ಪಾರ್ವೊ ವೈರಸ್ ಬೆಳೆಯಲು ವೇಗವಾಗಿ ಒಡೆಯುತ್ತಿರುವ ಕೋಶಗಳೇ ಬೇಕು. ಹಾಗಾಗಿ ಅದು ನೇರವಾಗಿ ಈ ಸಸಿಮಡಿಗೇ ಬೀಳುತ್ತದೆ. ಸಸಿಯೇ ಇಲ್ಲದ ಮೇಲೆ ಹೊಲದಲ್ಲಿ ಪೈರು ಎಲ್ಲಿಂದ ಬರಬೇಕು? ಕರುಳಿನ ಒಳಮೈ ಬೋಳಾಗುತ್ತದೆ. ನೀರು, ಲವಣ, ರಕ್ತ ಸೋರುತ್ತವೆ. ಕರುಳಿನಲ್ಲಿ ಮಾಮೂಲಾಗಿ ಇರುವ ಬ್ಯಾಕ್ಟೀರಿಯಾಗಳು ಬೋಳಾದ ಗೋಡೆಯನ್ನು ದಾಟಿ ರಕ್ತಕ್ಕೆ ನುಗ್ಗುತ್ತವೆ. ಅವುಗಳನ್ನು ತಡೆಯಬೇಕಾದ ಬಿಳಿ ರಕ್ತಕಣಗಳು ಹುಟ್ಟುವ ಅಸ್ಥಿಮಜ್ಜೆಯ ಮೇಲೂ ಇದೇ ವೈರಸ್ ದಾಳಿ ಮಾಡಿರುತ್ತದೆ. ಮನೆಯ ಗೋಡೆ ಒಡೆದ ರಾತ್ರಿಯೇ ಕಾವಲುಗಾರನೂ ಇಲ್ಲದಂತಾಗುತ್ತದೆ.

ಆದರೆ ಸಮಾಧಾನದ ಸಂಗತಿಯೊಂದುಂಟು. ಸಸಿಮಡಿ ಪೂರ್ತಿ ನಾಶವಾಗದಿದ್ದರೆ ಮರಿಯ ದೇಹ ಕೆಲವು ದಿನಗಳಲ್ಲಿ ವೈರಸ್ಸಿನ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಕರುಳು ಮತ್ತೆ ಚಿಗುರುತ್ತದೆ. ಅಷ್ಟರವರೆಗೆ ಮರಿ ಜೀವ ಹಿಡಿದಿರಬೇಕು. ಪಾರ್ವೊ ಚಿಕಿತ್ಸೆಯ ಗುಟ್ಟೆಲ್ಲ ಇಷ್ಟೇ: ದೇಹ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವವರೆಗೆ ಮರಿಗೆ ಕಾಲಾವಕಾಶ ಒದಗಿಸುವುದು.

ಯಾವಾಗ ವೈದ್ಯರಲ್ಲಿಗೆ?

ಆರು ತಿಂಗಳೊಳಗಿನ ಮರಿ ಊಟ ಬಿಟ್ಟು, ಮಂಕಾಗಿ, ಎರಡು-ಮೂರು ಬಾರಿ ವಾಂತಿ ಮಾಡಿಕೊಂಡರೆ ರಕ್ತ ಕಾಣುವವರೆಗೆ ಕಾಯಬೇಡಿ. ಪಾರ್ವೊದಲ್ಲಿ ವಾಂತಿ ಮೊದಲು, ರಕ್ತಭೇದಿ ಒಂದೆರಡು ದಿನ ತಡವಾಗಿ ಬರುವುದುಂಟು. ಕೆಲವು ಮರಿಗಳಲ್ಲಿ ರಕ್ತ ಕಾಣಿಸುವುದೇ ಇಲ್ಲ.

ಮನೆಯಲ್ಲೇ ನೋಡಬಹುದಾದ ಎರಡು ಗುರುತುಗಳಿವೆ. ಮರಿಯ ತುಟಿ ಎತ್ತಿ ವಸಡನ್ನು ಮುಟ್ಟಿ. ಆರೋಗ್ಯದಲ್ಲಿದ್ದರೆ ಅದು ತೇವವಾಗಿ, ಗುಲಾಬಿ ಬಣ್ಣಕ್ಕಿರುತ್ತದೆ. ಒಣಗಿ ಅಂಟಂಟಾಗಿದ್ದರೆ, ಬಿಳಿಚಿಕೊಂಡಿದ್ದರೆ ದೇಹದ ನೀರು ಕಡಿಮೆಯಾಗಿದೆ ಎಂದರ್ಥ. ಹೆಗಲ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಡಿ. ತಟ್ಟನೆ ಮೊದಲಿನಂತಾಗದೆ ಮಡಿಕೆಯಾಗಿಯೇ ನಿಂತರೆ ಪರಿಸ್ಥಿತಿ ಗಂಭೀರವಾಗಿದೆ. ಕಿವಿ-ಪಾದ ತಣ್ಣಗಾಗಿದ್ದರಂತೂ ಒಂದು ಗಂಟೆಯೂ ತಡಮಾಡಬಾರದು.

ಒಂದು ಎಚ್ಚರಿಕೆ: ಮರಿಯ ನಡವಳಿಕೆ ವಿಚಿತ್ರವಾಗಿ ಬದಲಾಗಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ ಅದರ ಬಾಯಿಗೆ ಕೈ ಹಾಕಬೇಡಿ. ಅದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್ ಇರಬಹುದು. ಪಶುವೈದ್ಯರಿಗೆ ಮೊದಲು ತಿಳಿಸಿ.

ಪಾರ್ವೊ ಎಂದು ನೀವೇ ತೀರ್ಮಾನಿಸಿಬಿಡಬೇಡಿ. ಜಂತುಹುಳು, ವಿಷ, ನುಂಗಿದ ಮೂಳೆ ಅಥವಾ ಬಟ್ಟೆಯ ಚೂರು, ಡಿಸ್ಟೆಂಪರ್, ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಇವೂ ಇದೇ ರೀತಿ ಕಾಣಬಹುದು. ಮಲದ ಮಾದರಿಯಿಂದ ಕೆಲವೇ ನಿಮಿಷಗಳಲ್ಲಿ ಪಾರ್ವೊ ಪತ್ತೆ ಮಾಡುವ ಕಿಟ್‌ಗಳಿವೆ. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ತಿಳಿದರೆ ರೋಗ ಎಷ್ಟು ಮುಂದುವರಿದಿದೆ ಎಂಬುದರ ಅಂದಾಜು ಸಿಗುತ್ತದೆ.

ಮೊದಲು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗೆ ಅಥವಾ ಹತ್ತಿರದ ಪಶುವೈದ್ಯರಲ್ಲಿಗೆ ಹೋಗಿ. ಹೆಚ್ಚಿನ ಪರೀಕ್ಷೆ-ಚಿಕಿತ್ಸೆ ಬೇಕೆಂದು ಅವರು ಹೇಳಿದರೆ ನಮ್ಮ ಜಿಲ್ಲೆಯವರಿಗೆ ಹೆಬ್ಬಾಳ ದೂರವೇನಲ್ಲ. 1958ರಲ್ಲಿ ಆರಂಭವಾದ ಅಲ್ಲಿನ ಪಶುವೈದ್ಯಕೀಯ ಕಾಲೇಜಿನಲ್ಲಿ ನಾಯಿಗಳಿಗೂ ಚಿಕಿತ್ಸೆ ದೊರೆಯುತ್ತದೆ. ಹೋಗುವಾಗ ಮರಿಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿಕೊಳ್ಳಿ. ಇತರ ನಾಯಿಗಳಿರುವಲ್ಲಿ ನೆಲಕ್ಕೆ ಬಿಡಬೇಡಿ. ‘ಪಾರ್ವೊ ಇರಬಹುದು’ ಎಂದು ಒಳಹೋಗುವ ಮುನ್ನವೇ ಸಿಬ್ಬಂದಿಗೆ ಹೇಳಿಬಿಡಿ. ಅಲ್ಲಿ ಲಸಿಕೆಗೆಂದು ಬಂದ ಮರಿಗಳೂ ಇರುತ್ತವೆ.

ಡ್ರಿಪ್ ಏಕೆ ಬೇಕು?

‘ಚಮಚದಲ್ಲಿ ನೀರು ಕುಡಿಸುತ್ತಿದ್ದೇವಲ್ಲ, ಗ್ಲೂಕೋಸ್ ಹಾಕಿಸಲೇಬೇಕೆ?’ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಐದು ಕಿಲೋ ತೂಕದ ಮರಿ ತನ್ನ ತೂಕದ ನೂರಕ್ಕೆ ಎಂಟರಷ್ಟು ನೀರನ್ನು ಕಳೆದುಕೊಂಡಿದೆ ಎನ್ನಿ. ಅಂದರೆ ಸುಮಾರು 400 ಮಿಲಿಲೀಟರ್ ಕೊರತೆ. ಇದರ ಜೊತೆಗೆ ದಿನದ ಸಾಮಾನ್ಯ ಅಗತ್ಯ ಸುಮಾರು 300 ಮಿಲಿಲೀಟರ್. ಒಟ್ಟು 700 ಆಯಿತು. ಮುಂದುವರಿಯುತ್ತಿರುವ ವಾಂತಿ-ಭೇದಿಯಲ್ಲಿ ಹೋಗುವುದು ಇದಕ್ಕೆ ಹೊರತು. ಕುಡಿದದ್ದನ್ನೆಲ್ಲ ಕಕ್ಕುವ ಮರಿಗೆ ಚಮಚದಲ್ಲಿ ಇಷ್ಟನ್ನು ತುಂಬಿಕೊಡುವುದು ಆಗದ ಮಾತು. ಆದ್ದರಿಂದಲೇ ರಕ್ತನಾಳದ ಮೂಲಕ ಲವಣಯುಕ್ತ ದ್ರವ ಕೊಡುತ್ತಾರೆ. ರಕ್ತದಲ್ಲಿ ಸಕ್ಕರೆ ಮತ್ತು ಪೊಟಾಸಿಯಂ ಕುಸಿದಿದ್ದರೆ ಅವನ್ನೂ ಸೇರಿಸುತ್ತಾರೆ.

ಜೊತೆಗೆ ವಾಂತಿ ನಿಲ್ಲಿಸುವ ಚುಚ್ಚುಮದ್ದು ಇರುತ್ತದೆ. ಆಂಟಿಬಯೋಟಿಕ್ ಕೊಡುವುದು ಪಾರ್ವೊ ವೈರಸ್ಸನ್ನು ಕೊಲ್ಲಲು ಅಲ್ಲ. ಅದು ಆ ಕೆಲಸ ಮಾಡಲಾರದು. ಕರುಳಿನಿಂದ ರಕ್ತಕ್ಕೆ ನುಗ್ಗಿದ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕಲು ಅದು ಬೇಕು. ‘ಒಂದು ಇಂಜೆಕ್ಷನ್ ಹಾಕಿಸಿದೆವು, ವಾಸಿಯಾಗಲಿಲ್ಲ’ ಎಂದು ಮರುದಿನ ಚಿಕಿತ್ಸೆ ನಿಲ್ಲಿಸುವವರು ಇದನ್ನು ಗಮನಿಸಬೇಕು. ಇದು ಒಂದು ಸೂಜಿಯ ರೋಗವಲ್ಲ. ಮೂರರಿಂದ ಏಳು ದಿನ ಬಿಡದೆ ಓಡಾಡಬೇಕಾಗಬಹುದು.

ಮರಿಯನ್ನು ಒಳರೋಗಿಯಾಗಿ ಇರಿಸುವ ವ್ಯವಸ್ಥೆ ಎಲ್ಲ ಕಡೆ ಇಲ್ಲ. ಇದ್ದರೂ ಖರ್ಚು ಎಲ್ಲರಿಗೂ ನಿಲುಕುವುದಿಲ್ಲ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಅಮೆರಿಕದ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದ ಪಶುವೈದ್ಯರು 40 ನಾಯಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎಲ್ಲ ನಾಯಿಗಳಿಗೂ ಮೊದಲು ರಕ್ತನಾಳದ ಮೂಲಕ ದ್ರವ ಕೊಟ್ಟು ಚೇತರಿಸಿದರು. ಬಳಿಕ 20 ನಾಯಿಗಳಿಗೆ ಆಸ್ಪತ್ರೆಯ ಪೂರ್ಣ ಚಿಕಿತ್ಸೆ ಮುಂದುವರಿಸಿದರು. ಉಳಿದ 20ಕ್ಕೆ ಹೊರರೋಗಿಗೆ ಕೊಡಬಹುದಾದ ಸರಳ ಚಿಕಿತ್ಸೆ ನೀಡಿದರು: ಚರ್ಮದಡಿಗೆ ದ್ರವ, ವಾಂತಿ ತಡೆಯುವ ಔಷಧ, ಬಹುದಿನ ಕೆಲಸ ಮಾಡುವ ಒಂದು ಆಂಟಿಬಯೋಟಿಕ್. ಮೊದಲ ಗುಂಪಿನಲ್ಲಿ 18, ಎರಡನೆಯದರಲ್ಲಿ 16 ನಾಯಿಗಳು ಬದುಕಿದವು. ಆ ಸರಳ ಚಿಕಿತ್ಸೆಯನ್ನೂ ದಿನಕ್ಕೆ ಹಲವು ಬಾರಿ, ತಪ್ಪದೆ, ನಿಗಾ ವಹಿಸಿ ಕೊಡಲಾಗಿತ್ತು ಎಂಬುದನ್ನು ಮರೆಯಬಾರದು. ನಿಮ್ಮ ಕೈಲಾಗುವ ಖರ್ಚನ್ನು ವೈದ್ಯರಿಗೆ ಸಂಕೋಚವಿಲ್ಲದೆ ಮೊದಲೇ ತಿಳಿಸಿ. ಅದರೊಳಗೆ ಏನು ಮಾಡಬಹುದೆಂದು ಅವರೇ ಯೋಜಿಸುತ್ತಾರೆ.

ಮನೆಯ ಶುಶ್ರೂಷೆ

ರಾತ್ರಿ ಮರಿಯನ್ನು ಮನೆಗೆ ತಂದರೆ ಗಾಳಿ ಬೀಸದ ಮೂಲೆಯಲ್ಲಿ ಗೋಣಿಚೀಲದ ಮೇಲೆ ಹಳೆಯ ಬಟ್ಟೆ ಹಾಸಿ ಮಲಗಿಸಿ. ಬೆಚ್ಚಗಿರುವುದು ಬಹಳ ಮುಖ್ಯ. ಬಟ್ಟೆ ಒದ್ದೆಯಾದಾಗಲೆಲ್ಲ ಬದಲಿಸಿ. ಹಿಂಭಾಗವನ್ನು ಬೆಚ್ಚನೆ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ, ಸ್ನಾನ ಬೇಡ. ಕಾಲಿಗೆ ಸೂಜಿ ಕಟ್ಟಿ ಕಳುಹಿಸಿದ್ದರೆ ಅದನ್ನು ಕಚ್ಚದಂತೆ ನೋಡಿಕೊಳ್ಳಿ. ಆ ಕಾಲು ಊದಿದರೆ ವೈದ್ಯರಿಗೆ ತೋರಿಸಿ.

ಎಷ್ಟು ಬಾರಿ ವಾಂತಿ, ಎಷ್ಟು ಬಾರಿ ಭೇದಿ, ಮೂತ್ರ ಹೊಯ್ದಿತೇ ಎಂಬುದನ್ನು ಒಂದು ಚೀಟಿಯಲ್ಲಿ ಗಂಟೆಸಹಿತ ಬರೆದಿಡಿ. ಮನೆಯ ಶಾಲೆ ಹುಡುಗರಿಗೆ ಈ ಕೆಲಸ ಒಪ್ಪಿಸಬಹುದು. ಮರುದಿನ ವೈದ್ಯರಿಗೆ ಈ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ.

ಹಿಂದೆ ವಾಂತಿ ನಿಂತು ಒಂದು ದಿನವಾಗುವವರೆಗೆ ಮರಿಯನ್ನು ಉಪವಾಸವಿಡುತ್ತಿದ್ದರು. ಈಗ, ವಾಂತಿ ಹತೋಟಿಗೆ ಬರುತ್ತಿದ್ದಂತೆ ಸ್ವಲ್ಪ ಸ್ವಲ್ಪ ಆಹಾರ ಕೊಡುವುದು ಮೇಲು ಎಂಬುದು ವೈದ್ಯರ ಅಭಿಪ್ರಾಯ. ಕರುಳಿನ ಕೋಶಗಳು ಚಿಗುರಲು ಆಹಾರವೂ ಬೇಕಲ್ಲವೇ? ವೈದ್ಯರು ಒಪ್ಪಿದ ಮೇಲೆ ತೆಳ್ಳನೆಯ ಅನ್ನದ ಗಂಜಿ, ನಂತರ ಖಾರ-ಮಸಾಲೆ ಇಲ್ಲದೆ ಬೇಯಿಸಿ ನುಣ್ಣಗೆ ಹಿಸುಕಿದ ಕೋಳಿಮಾಂಸ ಮತ್ತು ಮೆತ್ತನೆ ಅನ್ನವನ್ನು ದಿನಕ್ಕೆ ಐದಾರು ಬಾರಿ ಒಂದೆರಡು ಚಮಚದಂತೆ ಕೊಡಿ.

ಮಾಡಬಾರದ್ದು ಇವು:

ಹಾಲು, ತುಪ್ಪ, ಮೂಳೆ, ಮನೆಯ ಸಾರು ಕೊಡಬೇಡಿ. ಸಾರಿನಲ್ಲಿರುವ ಈರುಳ್ಳಿ-ಬೆಳ್ಳುಳ್ಳಿ ನಾಯಿಯ ರಕ್ತಕಣಗಳಿಗೆ ಹಾನಿಕರ.

ಮನುಷ್ಯರ ಜ್ವರ-ನೋವಿನ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಗೆ ವಿಷವಾಗಬಲ್ಲವು. ಭೇದಿ ಕಟ್ಟಿಸುವ ಮಾತ್ರೆಯೂ ಬೇಡ.

ಮಲಗಿರುವ ಮರಿಯ ಬಾಯಿ ಬಿಡಿಸಿ ನೀರು, ಕಷಾಯ, ಬ್ರಾಂದಿ ಸುರಿಯಬೇಡಿ. ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯ ಆಗುತ್ತದೆ.

ಚೇತರಿಕೆಯ ಹೆಜ್ಜೆಗಳು

ಮೊದಲ ಮೂರು-ನಾಲ್ಕು ದಿನ ಅತ್ಯಂತ ನಿರ್ಣಾಯಕ. ಅಷ್ಟನ್ನು ದಾಟಿದ ಮರಿ ಸಾಮಾನ್ಯವಾಗಿ ಉಳಿಯುತ್ತದೆ. ಮೊದಲು ವಾಂತಿ ಕಡಿಮೆಯಾಗುತ್ತದೆ. ಮರಿ ತಲೆ ಎತ್ತಿ ನಿಮ್ಮತ್ತ ನೋಡುತ್ತದೆ, ಹೆಸರು ಹಿಡಿದು ಕರೆದರೆ ಬಾಲದ ತುದಿ ಅಲ್ಲಾಡುತ್ತದೆ. ಆಮೇಲೆ ತಾನಾಗಿ ಆಹಾರದ ವಾಸನೆ ಹಿಡಿಯುತ್ತದೆ. ಮಲ ಗಟ್ಟಿಯಾಗುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಒಂದೆರಡು ವಾರ ಹಿಡಿಯಬಹುದು.

ಅನೇಕ ಮನೆಗಳಲ್ಲಿ ಸಂತೋಷವೇ ಇಲ್ಲಿ ಅಪಾಯ ತರುತ್ತದೆ. ‘ಪಾಪ, ನಾಲ್ಕು ದಿನದಿಂದ ತಿಂದಿಲ್ಲ’ ಎಂದು ತಟ್ಟೆ ತುಂಬ ಮಾಂಸ ಬಡಿಸುತ್ತಾರೆ. ಹೊಸದಾಗಿ ಚಿಗುರಿದ ಕರುಳು ಅದನ್ನು ತಾಳದು, ವಾಂತಿ-ಭೇದಿ ಮರುಕಳಿಸುತ್ತದೆ. ಒಂದು ವಾರದ ಅವಧಿಯಲ್ಲಿ ನಿಧಾನವಾಗಿ ಹಳೆಯ ಊಟಕ್ಕೆ ಬನ್ನಿ. ವಾರಕ್ಕೊಮ್ಮೆ ತೂಕ ನೋಡಿ. ಜಂತುಹುಳುವಿನ ಔಷಧಿಯನ್ನು ವೈದ್ಯರು ಹೇಳಿದ ದಿನ ಕೊಡಿಸಿ. ಚೇತರಿಸಿಕೊಂಡ ನಾಯಿಗೆ ಪಾರ್ವೊ ವಿರುದ್ಧ ವರ್ಷಗಟ್ಟಲೆ ರಕ್ಷಣೆ ಇರುತ್ತದೆ. ಆದರೂ ಕೆಲವಕ್ಕೆ ಆಗಾಗ ಹೊಟ್ಟೆ ಕೆಡುವ ತೊಂದರೆ ಉಳಿದುಕೊಳ್ಳಬಹುದು.

ಗುಣವಾದ ಮರಿಯ ಮಲದಲ್ಲಿ ಇನ್ನೂ ಕೆಲವು ವಾರ ವೈರಸ್ ಇರಬಹುದು. ಒಂದು ತಿಂಗಳು ಅದನ್ನು ಬೀದಿಗೆ, ಬೇರೆ ನಾಯಿಗಳ ಬಳಿಗೆ ಬಿಡದಿರುವುದು ನೆರೆಹೊರೆಯ ಮರಿಗಳಿಗೆ ನೀವು ಮಾಡುವ ಉಪಕಾರ.

ನೆಲ ತೊಳೆಯಲು ಫಿನಾಯಿಲ್ ಸಾಲದು. ಪಾರ್ವೊ ಅದಕ್ಕೆ ಜಗ್ಗುವುದಿಲ್ಲ. ಮೊದಲು ಸೋಪಿನ ನೀರಿನಿಂದ ಉಜ್ಜಿ ತೊಳೆಯಿರಿ. ನಂತರ ಮನೆಬಳಕೆಯ ಬ್ಲೀಚಿಂಗ್ ದ್ರಾವಣದ ಒಂದು ಪಾಲಿಗೆ 30 ಪಾಲು ನೀರು ಬೆರೆಸಿ ನೆಲದ ಮೇಲೆ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಅದಕ್ಕೆ ಆಸಿಡ್ ಅಥವಾ ಬೇರೆ ಯಾವ ಕ್ಲೀನರನ್ನೂ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಮಣ್ಣಿನ ಅಂಗಳವನ್ನು ಹೀಗೆ ಶುದ್ಧಿ ಮಾಡಲಾಗದು. ಮರಿ ಸತ್ತ ಮನೆಗೆ ಮಕ್ಕಳ ಅಳು ನೋಡಲಾಗದೆ ಮರುವಾರವೇ ಇನ್ನೊಂದು ಮರಿ ತರುವುದು ಆ ಮರಿಯನ್ನೂ ಕಳೆದುಕೊಳ್ಳುವ ದಾರಿ. ಲಸಿಕೆಗಳೆಲ್ಲ ಮುಗಿದ ನಾಯಿಯನ್ನಷ್ಟೇ ಅಲ್ಲಿಗೆ ತರಬೇಕು.

ಲಸಿಕೆ ಏಕೆ ಮೂರು ಬಾರಿ?

ತಾಯಿಯ ಮೊದಲ ಹಾಲಿನಿಂದ ಮರಿಗೆ ಸಿಕ್ಕ ಪ್ರತಿಕಾಯಗಳು ಕೆಲವು ವಾರ ಅದನ್ನು ಕಾಯುತ್ತವೆ. ಅವು ಇರುವವರೆಗೆ ಲಸಿಕೆಯೂ ಸರಿಯಾಗಿ ಹತ್ತುವುದಿಲ್ಲ. ಅವು ಯಾವ ವಾರ ಇಳಿಯುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. ಆದ್ದರಿಂದ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರನೆಯ ವಾರ ತುಂಬುವವರೆಗೆ ಲಸಿಕೆ ಕೊಡಿಸಬೇಕು. ಮತ್ತೆ ಒಂದು ವರ್ಷದ ಒಳಗೆ ಇನ್ನೊಂದು. ‘ಮಾರಿದವರೇ ಒಂದು ಸೂಜಿ ಹಾಕಿಸಿದ್ದರು’ ಎಂಬುದನ್ನು ನಂಬಿ ಕೂರಬೇಡಿ. ಕಾರ್ಡು ಕೇಳಿ ಪಡೆಯಿರಿ. ರಾಟ್‌ವೀಲರ್, ಡಾಬರ್‌ಮನ್ ತಳಿಗಳಿಗೆ ಈ ರೋಗ ಹೆಚ್ಚು ಬಾಧಿಸುತ್ತದೆ. ಹಾಗೆಂದು ನಾಟಿ ಮರಿಗೆ ಬರುವುದಿಲ್ಲವೆಂದಲ್ಲ; ತೋಟ ಕಾಯುವ ಮರಿಗೂ ಇದೇ ಲಸಿಕೆ ಬೇಕು.

ಹಲವರು ಕೇಳುವ ಪ್ರಶ್ನೆಗಳು

*ಇದು ಮಕ್ಕಳಿಗೆ ಅಂಟುತ್ತದೆಯೇ?*

ನಾಯಿಯ ಪಾರ್ವೊ ಮನುಷ್ಯರಿಗೆ ಬರುವುದಿಲ್ಲ. ಮನುಷ್ಯರಿಗೆ ಬರುವ ಪಾರ್ವೊ ವೈರಸ್ ಬೇರೆಯೇ. ಆದರೆ ಭೇದಿಯಾಗುತ್ತಿರುವ ಮರಿಯ ಮಲದಲ್ಲಿ ಜಂತುಹುಳುವಿನ ಮೊಟ್ಟೆ, ಬೇರೆ ರೋಗಾಣುಗಳು ಇರಬಹುದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು. ಮಲ ಬಳಿಯುವ ಕೆಲಸವನ್ನು ದೊಡ್ಡವರೇ ಮಾಡಲಿ. ಮರಿಯ ಕಣ್ಣು-ವಸಡು ಹಳದಿಯಾಗಿದ್ದರೆ ಲೆಪ್ಟೊಸ್ಪೈರೋಸಿಸ್ ಇರಬಹುದು; ಅದು ಮನುಷ್ಯರಿಗೂ ಬರುತ್ತದೆ.

*ದೊಡ್ಡ ನಾಯಿಗೂ ಬರುತ್ತದೆಯೇ?*

ಲಸಿಕೆಯಾಗದಿದ್ದರೆ ಬರಬಹುದು. ಆರು ವಾರದಿಂದ ಆರು ತಿಂಗಳವರೆಗಿನ ಮರಿಗಳಲ್ಲಿ ಹೆಚ್ಚು.

*ಪಾರ್ವೊ ಲಸಿಕೆ ಹಾಕಿಸಿದರೆ ಹುಚ್ಚುನಾಯಿ ರೋಗಕ್ಕೂ ಆಯಿತೇ?*

ಇಲ್ಲ. ರೇಬೀಸ್ ಲಸಿಕೆಯನ್ನು ಮೂರು ತಿಂಗಳ ವಯಸ್ಸಿನಲ್ಲಿ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಪಾರ್ವೊದಿಂದ ಮರಿಯನ್ನು ಉಳಿಸಿಕೊಳ್ಳಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ನಾಯಿಯನ್ನು ಉಳಿಸುವ ಚಿಕಿತ್ಸೆ ಇಲ್ಲ. ಮನೆಯಲ್ಲಿ ಮರಿ ಇದ್ದರೆ ಅದರ ಲಸಿಕೆ ಕಾರ್ಡನ್ನು ಇವತ್ತೇ ಹುಡುಕಿ ತೆಗೆದು, ಮುಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.